ಕ್ಯಾಲೆಂಡರ್ ಹಾಳೆ ಹೊದ್ದ ಮಾಟದ ಪುಸ್ತಕ

ಗದಗಿನಿಂದ ಬಂದ ಪತ್ರ, ಸ್ವಲ್ಪ ಕತ್ತರಿಸಿ ಕೊಟ್ಟಿದ್ದೇನೆ:

"ಅಕ್ಕಾರ, ನನಗ 36 ವರ್ಷ. ಹುಬ್ಬಳ್ಳಿಯ ಒಂದು ಪತ್ತಿನ ಸಂಘದಾಗ ಕೆಲಸ, ದಿನಾ ರೈಲಿಗೆ ಓಡಾಡ್ತೇನಿ. ಗೆಳತಿ ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟಾಳ. ಈಗಿನ ಕಾಲದ ಕಥಿ, ಮೊಬೈಲು, ಬಾಡಗಿ ಮನಿ ಎಲ್ಲಾ ಅದಾವ, ನಡುವ ಮಾಟ-ಮಂತ್ರ. ಒಂದೊಂದು ಮಂತ್ರಕ್ಕೂ ಮಂತ್ರ ಹಾಕಿದವರ ಒಂದು ನೆನಪು ಅಳಿಸಿ ಹೋಗ್ತೈತಿ. ನಾಯಕಿ ಒಳ್ಳೆಯಾಕಿ ಅಲ್ಲ, ಆದ್ರ ಪುಸ್ತಕ ಕೈಬಿಡಾಕ ಆಗವಲ್ದು. ಮ್ಯಾಲಿನ ತಲಿಬುರುಡಿ ಚಿತ್ರ ನೋಡಿ ಅತ್ತಿಯವರು ಅಂಜಿ, 'ಇದನ್ನ ಮನಿಯಾಗ ಇಡಬ್ಯಾಡ' ಅಂದ್ರು. (ಅವರ ತಮ್ಮ ಹಿಂದ ಮಾಟ ತಗಿಯಾವನ ಮಾತು ನಂಬಿ ಎರಡು ಎಕರೆ ಹೊಲ ಕಳಕೊಂಡಾರ.) ನಾನು ಅದಕ್ಕ ಹಳೇ ಕ್ಯಾಲೆಂಡರ್ ಹಾಳಿ ಹಚ್ಚಿ, ಪ್ರಮೋಶನ್ ಪರೀಕ್ಷಾದ ಪುಸ್ತಕ ಅಂತ ಹೇಳೇನಿ. ಈಗ ಅವರು ನಾ ಪಾಸಾಗ್ಲಿ ಅಂತ ಸಿದ್ಧಾರೂಢರಿಗೆ ಕಾಯಿ ಹರಕಿ ಹೊತ್ತಾರ. ಮೊನ್ನೆ ನಾಯಕಿ ತನ್ನ ವೈರಿಯ ದನಿ ಕಸಕೊಂಡು ಅವನನ್ನ ಮೂಕ ಮಾಡಿದ್ದು ಓದುವಾಗ ನಮ್ಮ ಸಾಹೇಬರ ಮಾರಿ ಕಣ್ಣಮುಂದ ಬಂದು ಖುಷಿ ಆತು, ಆಮ್ಯಾಲೆ ಅಂಜಿಕಿ ಆತು. ನನ್ನ ಮನಸ್ಸಿನ್ಯಾಗ ಹೊಲಸು ತುಂಬೇತೇನ್ರಿ? ಪುಸ್ತಕ ತಿರುಗಿ ಕೊಟ್ಟುಬಿಡ್ಲೇನು?"

ತಂಗಿ, 'ಅಕ್ಕಾರ' ಅಂತ ಶುರುವಾದ ಪತ್ರಕ್ಕೆ 'ನೀವು' ಎಂದು ಉತ್ತರ ಬರೆಯಲು ನನಗೆ ಬರುವುದಿಲ್ಲ. ನೀನು ಎಂದೇ ಬರೆಯುತ್ತೇನೆ.

ಮೊದಲು ಸಾಹೇಬರ ವಿಷಯ ಮುಗಿಸೋಣ. ಆ ಪುಟ ಓದಿದ ಮರುದಿನ ಅವರ ದನಿ ಏನಾದರೂ ಅಡಗಿತ್ತೇ? ಸಂಜೆ ಆರಕ್ಕೆ ಮೀಟಿಂಗ್ ಕರೆದು ನಿನ್ನ ರೈಲು ತಪ್ಪಿಸಿದರು ಎಂದು ಪತ್ರದ ಕೊನೆಗೆ ನೀನೇ ಬರೆದಿದ್ದೀ. ಹಾಗಿದ್ದರೆ ಮನಸ್ಸಿನಲ್ಲೇ ಅವರ ಬಾಯಿ ಕಟ್ಟಿ ಅರ್ಧ ನಿಮಿಷ ನಕ್ಕಿದ್ದಕ್ಕೆ ಯಾವ ಪ್ರಾಯಶ್ಚಿತ್ತವೂ ಬೇಕಿಲ್ಲ. ಮೀಟಿಂಗ್ ನಾಲ್ಕಕ್ಕೆ ಇಡಿ ಎಂದು ಒಂದು ಅರ್ಜಿ ಬರೆದುಕೊಡು, ಇನ್ನಿಬ್ಬರು ರೈಲಿನವರ ಸಹಿಯನ್ನೂ ಹಾಕಿಸು. ಮಂತ್ರದಷ್ಟು ಮಜಾ ಬರಲಿಕ್ಕಿಲ್ಲ, ಆದರೆ ಅದಕ್ಕೆ ಯಾವ ನೆನಪೂ ಖರ್ಚಾಗುವುದಿಲ್ಲ.

ಈಗ ಪುಸ್ತಕ. ಇಂಥವನ್ನು ನಾನೂ ಓದುತ್ತೇನೆ, ಮುಚ್ಚಿಟ್ಟು ಏನಾಗಬೇಕು? ಕೋಲು ಬೀಸಿದೊಡನೆ ಎಲ್ಲ ನೆಟ್ಟಗಾಗುವ ಮಾಯೆ ನನಗೆ ರುಚಿಸುವುದಿಲ್ಲ, ಉಪ್ಪಿಲ್ಲದ ಝುಣಕದಂತೆ. ಈ ಕಗ್ಗತ್ತಲಿನ ಕಥೆಗಳಲ್ಲಿ ಮಾಯೆಗೂ ಬಾಡಿಗೆ ಕಟ್ಟಬೇಕು. ಕಟ್ಟದೆ ಓಡಿಹೋದವರನ್ನು ಕಥೆ ಹುಡುಕಿಕೊಂಡು ಬರುತ್ತದೆ. ನೀನೋ ದಿನವಿಡೀ ಅಸಲು-ಬಡ್ಡಿ ಲೆಕ್ಕ ಹಾಕುವಾಕೆ. ಒಂದು ಮಂತ್ರಕ್ಕೆ ಒಂದು ನೆನಪು ಅಂತ ಖಾತೆಯಲ್ಲಿ ಖರ್ಚು ಬೀಳುವ ಮಾಯೆ ನಿನಗೆ ಹಿಡಿಸಿದ್ದರಲ್ಲಿ ನನಗಂತೂ ಯಾವ ಆಶ್ಚರ್ಯವೂ ಕಾಣುವುದಿಲ್ಲ. ಅಣ್ಣಿಗೇರಿ ದಾಟುವಾಗ ತಲೆ ಎತ್ತಿ ನೋಡಿದರೆ ಹೊರಗಿನ ಎರೆ ಹೊಲವೂ ಬೇರೆ ಲೋಕದ್ದೆನಿಸುತ್ತದೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಾನು ಎರಡು ಸಲ ಓದಿದೆ.

ನಾಯಕಿ ಕೆಟ್ಟವಳು, ರಕ್ತ ಹರಿಯುತ್ತದೆ ಎನ್ನುತ್ತೀ. ನೀನಿರುವ ಊರು ಯಾವುದು, ತಂಗಿ? ಕೋಳಿವಾಡದ ನಾರಣಪ್ಪ ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತ ಬರೆದ ಊರು. ಆ ಭಾರತದಲ್ಲಿ ಭೀಮ ದುಶ್ಶಾಸನನ ಎದೆ ಬಗೆದು ನೆತ್ತರು ಕುಡಿಯುತ್ತಾನೆ. ಘಟೋತ್ಕಚ ನಡುರಾತ್ರಿ ಮಾಯೆಯಿಂದ ಸೈನ್ಯವನ್ನೇ ದಿಕ್ಕೆಡಿಸುತ್ತಾನೆ. ನಿನ್ನ ಅತ್ತಿಯವರು ಶ್ರಾವಣದಲ್ಲಿ ಪುರಾಣಕ್ಕೆ ಹೋಗಿ ಇದನ್ನೆಲ್ಲ ಕೇಳಿಸಿಕೊಂಡು, ಮನೆಗೆ ಬಂದು ನೆಮ್ಮದಿಯಿಂದ ರೊಟ್ಟಿ ಬಡಿಯುತ್ತಾರಲ್ಲವೇ!

ಹಾಗಾದರೆ ಅವರು ತಲೆಬುರುಡೆಗೆ ಯಾಕೆ ಅಂಜಿದರು? ಅದರ ಉತ್ತರವನ್ನು ನೀನು ಕಂಸದೊಳಗೆ ಹಾಕಿ ಮುಂದೆ ಹೋಗಿಬಿಟ್ಟಿದ್ದೀ. ನಾಲ್ಕು ಪುಟದ ಪತ್ರದಲ್ಲಿ ಆ ಎರಡು ಎಕರೆಗೆ ಸಿಕ್ಕಿದ್ದು ಒಂದೇ ಸಾಲು. ನಿನಗೆ ಮಾಟ ಎಂದರೆ ರೈಲಿನಲ್ಲಿ ಓದುವ ಕಥೆ. ಅವರಿಗೆ ಮಾಟ ಎಂದರೆ ತಮ್ಮನ ಅಂಗಳಕ್ಕೆ ಬಂದು, ನಿಂಬೆಹಣ್ಣು ಕೊಯ್ದು, ಹೊಲ ಮಾರಿಸಿದ ಮನುಷ್ಯ. ಇಂಥವರನ್ನು ಹಿಡಿಯಲೆಂದೇ ನಮ್ಮ ರಾಜ್ಯದಲ್ಲಿ ವಾಮಾಚಾರ ತಡೆ ಕಾಯ್ದೆ 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುತ್ತೇನೆಂದು ಹೊಡೆದು ಬಡಿದರೆ ಈಗ ಅದು ಅಪರಾಧ. ಕಾಯ್ದೆ ಬರುವ ಹೊತ್ತಿಗೆ ಆ ಹೊಲ ಯಾವತ್ತೋ ಪರರ ಪಾಲಾಗಿತ್ತು. ಅತ್ತಿಯವರ ಅಂಜಿಕೆಯನ್ನು 'ಹಳೇ ಕಾಲದವರು' ಎಂದು ತಳ್ಳಿಹಾಕಬೇಡ. ಹೊಲದ ಜೊತೆ ತಮ್ಮನ ನಗುವೂ ಹೋಗಿದ್ದನ್ನು ಅವರು ನೋಡಿರಬಹುದು.

ಆದ್ದರಿಂದ ಪುಸ್ತಕ ತಿರುಗಿ ಕೊಡುವ ಮಾತು ಬೇಡ, ಓದಿ ಮುಗಿಸು. ಆದರೆ ಕಥೆಯನ್ನು ಅವರಿಗೆ ಹೇಳು.

ನಾನು ಸಣ್ಣಾಕೆಯಿದ್ದಾಗ ಧಾರವಾಡದ ಮನೆಯ ಮಾಳಿಗೆ ಮೇಲೆ ಚಿಗವ್ವ ದೆವ್ವದ ಕಥೆ ಹೇಳುತ್ತಿದ್ದಳು. ಎಡಗೈಯಲ್ಲಿ ವೀಳ್ಯದೆಲೆ, ಬಲಗೈ ತೋರುಬೆರಳಿನ ತುದಿಯಲ್ಲಿ ಸುಣ್ಣ. ದೆವ್ವ ಬಾಗಿಲು ಬಡಿಯುವ ಜಾಗ ಬಂದ ಕೂಡಲೇ ಆ ಬೆರಳು ಗಾಳಿಯಲ್ಲೇ ನಿಲ್ಲುತ್ತಿತ್ತು, ಸುಣ್ಣ ಒಣಗಿ ಬೆಳ್ಳಗಾಗುವ ತನಕ. ನಾವು ಉಸಿರು ಹಿಡಿದು ದೆವ್ವವನ್ನು ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದೆವು. ಅವಳಿಗೆ ಕತ್ತಲೆಂದರೆ ಬಲು ಅಂಜಿಕೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ರವಿವಾರ ಅತ್ತಿಯವರು ಮೊರ ಹಿಡಿದು ಜೋಳ ಹಸನು ಮಾಡಲು ಕುಳಿತಾಗ ನೀನೂ ಮಗ್ಗುಲಿಗೆ ಕುಳಿತುಕೋ. ಪುಸ್ತಕ ಎದುರಿಗೆ ಹಿಡಿಯಬೇಡ, ಹಳ್ಳು ಆರಿಸುತ್ತ ಹೇಳು: "ಅತ್ತಿ, ಒಬ್ಬಾಕಿ ಇದ್ಲಂತ. ಮಂತ್ರ ಹಾಕಿದ್ರ ಅನಕೊಂಡಿದ್ದು ಆಗ್ತಿತ್ತಂತ, ಆದ್ರ ಒಂದೊಂದು ನೆನಪು ಹೋಗ್ತಿತ್ತಂತ." ಮೊದಲು ಯಾವ ನೆನಪು ಹೋಯಿತು ಎಂದು ಅವರೇ ಕೇಳುತ್ತಾರೆ, ನೋಡುತ್ತಿರು. ಅಲ್ಲಿಗೆ ನಿಲ್ಲಿಸಿ, ತಮ್ಮನ ವಿಷಯ ಕೇಳು. ಅವರು ಹೇಳಿದರೆ ಅವತ್ತು ನಿನ್ನ ಕಥೆ ಅರ್ಧಕ್ಕೇ ಉಳಿಯಲಿ. ಹೇಳದಿದ್ದರೆ ಒತ್ತಾಯ ಮಾಡಬೇಡ, ಮುಂದಿನ ರವಿವಾರವೂ ಜೋಳ ಇದ್ದೇ ಇರುತ್ತದೆ.

ಒಂಬತ್ತು ವರ್ಷದ ಮಗಳು ಇಣುಕುತ್ತಾಳೆ ಎಂದು ಬರೆದಿದ್ದೀ. ಅವಳಿಗೆ ಇನ್ನೂ ಐದಾರು ವರ್ಷ ಬೇಡ, ಪುಸ್ತಕವನ್ನು ಮಾಡದ ಮೇಲಿನ ಸಾಲಿಗೆ ಏರಿಸು. ನಿಮ್ಮನೆಯವರು ನಗುತ್ತಾರೆ ಎಂದಿದ್ದೀ, ನಗಲಿ ಬಿಡು.

ಉಳಿದದ್ದು ಸುಳ್ಳು. ಆ ಕ್ಯಾಲೆಂಡರ್ ಹಾಳೆಯನ್ನು ನೀನೇ ಬಿಚ್ಚು, ಅವರೆದುರಿಗೇ ಬಿಚ್ಚು. ಪರೀಕ್ಷೆಯ ಫಲಿತಾಂಶ ಯಾವಾಗ ಎಂದು ಅವರು ಕೇಳುವುದರೊಳಗೆ ಈ ಕೆಲಸ ಆಗಬೇಕು. ಬೈದರೆ ಬೈಸಿಕೋ. ಹರಕೆಯ ಕಾಯಿ ಏನು ಮಾಡುವುದೆಂದು ಕೇಳಿದರೆ, ಹೇಗೂ ಒಡೆಸೋಣ ಎನ್ನು. ಶಿವರಾತ್ರಿ ಜಾತ್ರೆಯ ಗದ್ದಲದಲ್ಲಿ ಬೇಡ, ಯಾವುದಾದರೂ ಸಾದಾ ಸೋಮವಾರ ರಜೆ ಹಾಕು. ನೀನು ದಿನಾ ಹೋಗುವ ರೈಲಿನಲ್ಲೇ ಅವರನ್ನೂ ಕರೆದುಕೊಂಡು ಹೋಗು, ಕಿಟಕಿ ಪಕ್ಕದ ಸೀಟು ಅವರಿಗೆ ಕೊಡು. ಹುಲಕೋಟಿಯಿಂದ ಹುಬ್ಬಳ್ಳಿ ತನಕ ಕಥೆಯ ಉಳಿದರ್ಧಕ್ಕೆ ಸಾಕಷ್ಟು ಹೊತ್ತು ಸಿಗುತ್ತದೆ.