ಒಂದೇ ಪ್ರಯಾಣ, ಎರಡು ಟಿಕೆಟ್: ವಿಮಾನ ತಪ್ಪಿದರೆ ಯಾರನ್ನು ಕೇಳುವುದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕಾಸರಗೋಡು ಕಡೆಯಿಂದ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ವಿಮಾನ ಟಿಕೆಟಿನ ವಿಷಯವೇ. ಮೊದಲೆಲ್ಲ ಟ್ರಾವೆಲ್ಸ್‌ನವರ ಹತ್ತಿರ ಹೋಗಿ ಕೂತು ಟಿಕೆಟ್ ಮಾಡಿಸುತ್ತಿದ್ದೆವು, ಈಗ ಮನೆಯ ಜಗಲಿಯಲ್ಲೇ ಮಕ್ಕಳು ಮೊಬೈಲಲ್ಲಿ ಮಾಡಿಬಿಡುತ್ತಾರೆ. ಎಲ್ಲ ಸರಿಯಾಗಿ ನಡೆದರೆ ತೊಂದರೆಯೇ ಇಲ್ಲ. ಒಂದು ವಿಮಾನ ತಡವಾದರೆ ಮಾತ್ರ ಕಷ್ಟ ಶುರು. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪೆರ್ಲದಿಂದ ಒಬ್ಬರು ಹಿರಿಯರು: ದುಬೈಯಲ್ಲಿ ಮಗಳ ಬಾಣಂತನಕ್ಕೆಂದು ನಾನೂ ಮನೆಯವಳೂ ಹೊರಟಿದ್ದೆವು. ಮಗ ಟಿಕೆಟ್ ಮಾಡಿದ್ದ. ಮಂಗಳೂರು–ಮುಂಬೈ ಒಂದು ಕಂಪನಿ, ಮುಂಬೈ–ದುಬೈ ಹೋಗಿ ಬರಲು ಇನ್ನೊಂದು. ನೇರ ವಿಮಾನಕ್ಕಿಂತ ಇಬ್ಬರಿಗೂ ಸೇರಿ ಏಳು ಸಾವಿರ ಕಡಿಮೆ ಎಂದ. ಮಳೆಗೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲೇ ಮೂರೂವರೆ ಗಂಟೆ ತಡವಾಯಿತು. ಮುಂಬೈ ಮುಟ್ಟುವಾಗ ದುಬೈ ಕೌಂಟರ್ ಮುಚ್ಚಿತ್ತು. ಹಣ ವಾಪಸ್ಸಿಲ್ಲ, ಹಿಂದೆ ಬರುವ ಟಿಕೆಟೂ ರದ್ದು ಎನ್ನುತ್ತಾರೆ. ತಡ ಮಾಡಿದವರು ಮೊದಲ ಕಂಪನಿಯವರು, ಅವರಿಂದ ಪರಿಹಾರ ಕೇಳಬಹುದಾ?

ನಿಮ್ಮ ಪತ್ರ ಓದಿ ತುಂಬ ಬೇಜಾರಾಯಿತು. ನಮ್ಮ ಮನೆಯಲ್ಲೂ ಹೀಗೇ ಆಗಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ: ದುಬೈ ವಿಮಾನ ತಪ್ಪಿದ್ದಕ್ಕೆ ಮೊದಲ ಕಂಪನಿಯವರು ಹಣ ಕೊಡುವುದಿಲ್ಲ, ಕೊಡಬೇಕೆಂಬ ನಿಯಮವೂ ಇಲ್ಲ.

ಅವರ ಲೆಕ್ಕದಲ್ಲಿ ನೀವು ಮಂಗಳೂರಿನಿಂದ ಮುಂಬೈಗೆ ಹೊರಟವರು, ಅಷ್ಟೇ. ತಡವಾಗಿಯಾದರೂ ಮುಂಬೈಗೆ ಮುಟ್ಟಿಸಿದರು, ಅವರ ಕೆಲಸ ಮುಗಿಯಿತು. ಎರಡನೇ ಕಂಪನಿಗೆ ನೀವು ಎಲ್ಲಿಂದ ಬರುತ್ತಿದ್ದೀರಿ ಎಂದೇ ಗೊತ್ತಿಲ್ಲ, ಮುಂಬೈಯಲ್ಲೇ ಮನೆ ಇದ್ದು ಹೊತ್ತಿಗೆ ಬಾರದವರ ಹಾಗೆಯೇ ನಿಮ್ಮನ್ನೂ ನೋಡುತ್ತಾರೆ. ಅದಕ್ಕೇ ‘ನೋ ಶೋ’ ಎನ್ನುವುದು. ನಿಮ್ಮ ಮನಸ್ಸಿನಲ್ಲಿ ಪೆರ್ಲದಿಂದ ದುಬೈವರೆಗೆ ಒಂದೇ ಪ್ರಯಾಣ, ಟಿಕೆಟಿನಲ್ಲಿ ಅದು ಎರಡು. ಇವೇ ಎರಡು ವಿಮಾನ ಒಂದೇ ಟಿಕೆಟಿನಲ್ಲಿ, ಒಂದೇ ಪಿಎನ್‌ಆರ್ ನಂಬರಿನಲ್ಲಿ ಇದ್ದಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದ್ದೇ ಆಗುತ್ತಿತ್ತು. ಇನ್ನೊಂದು ಮಾತು: ಎರಡೂ ವಿಮಾನ ಒಂದೇ ಕಂಪನಿಯದ್ದಾದರೆ ಸಾಕು ಎಂದು ಎಷ್ಟೋ ಜನ ತಿಳಿದಿದ್ದಾರೆ. ಸಾಕಾಗುವುದಿಲ್ಲ. ಬೇರೆ ಬೇರೆಯಾಗಿ ಬುಕ್ ಮಾಡಿದರೆ ಅದೂ ಎರಡೇ.

ನಿಮ್ಮ ಮಗನನ್ನು ಬೈಯಬೇಡಿ. ಕೆಲವು ಬುಕಿಂಗ್ ಆಪ್‌ಗಳು ಎರಡು ಕಂಪನಿಯ ಟಿಕೆಟನ್ನು ಜೋಡಿಸಿ ಒಂದೇ ಪ್ರಯಾಣದ ಹಾಗೆ ತೋರಿಸುತ್ತವೆ, ಒಂದೇ ಸಲ ಹಣ ಕಟ್ಟಿಸಿಕೊಳ್ಳುತ್ತವೆ, ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಎಲ್ಲೋ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಆ ಎರಡು ಪದ ಕಂಡರೆ ಅಲ್ಲೇ ನಿಲ್ಲಿ. ನಡುವೆ ನೀವೇ ಇಳಿದು, ಲಗೇಜ್ ತೆಗೆದು, ಹೊರಗೆ ಬಂದು, ಇನ್ನೊಂದು ಕೌಂಟರಿಗೆ ಹೋಗಿ ಮತ್ತೆ ಮೊದಲಿನಿಂದ ಚೆಕ್‌ಇನ್ ಮಾಡಬೇಕು ಎಂದು ಅದರ ಅರ್ಥ. ಇದು ವಿದೇಶದ ವಿಮಾನ ನಿಲ್ದಾಣದಲ್ಲಾದರೆ ಹೊರಗೆ ಬರಲು ಆ ದೇಶದ ವೀಸಾ ಬೇಕಾಗಬಹುದು, ವೀಸಾ ಇಲ್ಲದವರನ್ನು ಇಲ್ಲಿಯ ಕೌಂಟರಿನಲ್ಲೇ ತಡೆದು ಹಿಂದೆ ಕಳಿಸುವುದೂ ಉಂಟು.

ನಮ್ಮ ಮನೆಯ ಕತೆ ಹೇಳುತ್ತೇನೆ ಎಂದೆನಲ್ಲ. ಅಪ್ಪ ತೀರಿಕೊಂಡಾಗ ಅಣ್ಣ ಮಸ್ಕತ್‌ನಲ್ಲಿದ್ದ. ರಜೆ ಸಿಗುವುದು ತಡವಾಗಿ, ಬೊಜ್ಜಕ್ಕಾದರೂ (ಉತ್ತರಕ್ರಿಯೆಗೆ) ಮುಟ್ಟಲೇಬೇಕು ಎಂದು ಸಿಕ್ಕಿದ ಟಿಕೆಟ್ ತೆಗೆದ. ಮುಂಬೈವರೆಗೆ ಒಂದು ಕಂಪನಿ, ಅಲ್ಲಿಂದ ಮಂಗಳೂರಿಗೆ ಇನ್ನೊಂದು, ನಡುವೆ ಮೂರು ಗಂಟೆ. ಸಾಕಲ್ವಾ ಎಂದು ನಾವೂ ಅಂದುಕೊಂಡೆವು. ವಿಮಾನ ಐವತ್ತು ನಿಮಿಷ ತಡ. ಇಮಿಗ್ರೇಷನ್ ಸಾಲು ಉದ್ದ. ಲಗೇಜ್ ಬೆಲ್ಟಿನ ಮೇಲೆ ಬರುವಾಗ ಮತ್ತೂ ಮುಕ್ಕಾಲು ಗಂಟೆ. ಅವನು ಇಳಿದದ್ದು ಟರ್ಮಿನಲ್ ಎರಡರಲ್ಲಿ, ಮಂಗಳೂರು ವಿಮಾನ ಇದ್ದದ್ದು ಟರ್ಮಿನಲ್ ಒಂದರಲ್ಲಿ, ಅದಕ್ಕೆ ರಸ್ತೆಗಿಳಿದು ಮುಂಬೈ ಟ್ರಾಫಿಕ್ಕಿನಲ್ಲಿ ಸುತ್ತಿ ಹೋಗಬೇಕು. ಅವನು ಓಡಿ ಮುಟ್ಟುವಾಗ ಕೌಂಟರ್ ಮುಚ್ಚಿ ಹತ್ತು ನಿಮಿಷವಾಗಿತ್ತು. ಆ ದಿನದ ಬೇರೆ ವಿಮಾನದಲ್ಲಿ ಸೀಟಿಲ್ಲ. ರೈಲು ಹತ್ತಿ ಮರುದಿನ ಬಂದು ಮುಟ್ಟಿದ. ಬೊಜ್ಜ ಮುಗಿದಿತ್ತು, ಚಪ್ಪರ ಬಿಚ್ಚುತ್ತಿದ್ದರು. ಅವನು ಅಂಗಳದಲ್ಲಿ ಬ್ಯಾಗ್ ಇಟ್ಟು ಸುಮ್ನೆ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಒತ್ತಿ ಹೇಳುವುದು.

ಈಗ ನಿಮಗೆ ಏನಾದರೂ ಸಿಗಬಹುದಾ? ಸ್ವಲ್ಪ ಸಿಗುತ್ತದೆ. ವಿಮಾನ ಹತ್ತದಿದ್ದರೂ ಸರಕಾರದ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು ಕಂಪನಿ ಹಿಂದೆ ಕೊಡಬೇಕು ಎಂದು ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮವೇ ಹೇಳುತ್ತದೆ. ಟಿಕೆಟ್ ‘ನಾನ್ ರೀಫಂಡಬಲ್’ ಆದರೂ ಸರಿ. ಕೇಳದಿದ್ದರೆ ತಾವಾಗಿ ಕೊಡುವವರು ಕಡಿಮೆ, ಆದ್ದರಿಂದ ಇಮೇಲ್‌ನಲ್ಲಿ ಬರೆದು ಕೇಳಿ. ಉತ್ತರ ಬಾರದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲಿನಲ್ಲಿ ದೂರು ಹಾಕಿ. ಹಿಂದೆ ಬರುವ ಟಿಕೆಟ್ ವಿಷಯ ಹೀಗೆ: ಒಂದೇ ಟಿಕೆಟಿನ ಮೊದಲ ವಿಮಾನ ಹತ್ತದಿದ್ದರೆ ಉಳಿದದ್ದನ್ನೂ ಹೆಚ್ಚಿನ ಕಂಪನಿಗಳು ತಾವೇ ರದ್ದು ಮಾಡುತ್ತವೆ. ಇದನ್ನು ತಪ್ಪಿಸಲು ಒಂದೇ ದಾರಿ, ವಿಮಾನ ಹೊರಡುವ ಮೊದಲೇ ಫೋನ್ ಮಾಡುವುದು. ಬಜ್ಪೆಯಲ್ಲಿ ತಡ ಎಂದು ಹೇಳಿದ ಆ ಗಳಿಗೆಯಲ್ಲೇ ದುಬೈ ಕಂಪನಿಗೆ ಫೋನ್ ಮಾಡಿ ದಿನ ಬದಲಿಸಿಕೊಂಡಿದ್ದರೆ ದಂಡ ಕಟ್ಟಿಯಾದರೂ ಎರಡೂ ಟಿಕೆಟ್ ಉಳಿಯುವ ಸಾಧ್ಯತೆ ಇತ್ತು. ವಿಮಾನ ಹೋದ ಮೇಲೆ ಅದೇ ಮಾತು ನಡೆಯುವುದಿಲ್ಲ.

ಇನ್ನು ಮುಂದೆ ಎರಡು ಟಿಕೆಟ್ ಮಾಡಲೇಬೇಕಾಗಿ ಬಂದರೆ ನಡುವೆ ಒಂದು ರಾತ್ರಿ ಬಿಡಿ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ನಂಟರ ಮನೆಯಲ್ಲಿ ಉಳಿಯಿರಿ, ನಮ್ಮವರು ಇಲ್ಲದ ಊರು ಇಲ್ಲವಲ್ಲ. ಲಾಡ್ಜ್ ಖರ್ಚು ಸೇರಿಸಿ ಲೆಕ್ಕ ಹಾಕಿದರೆ ಹೆಚ್ಚಿನ ಸಲ ನೇರ ವಿಮಾನವೇ ಅಗ್ಗ ಎಂದು ನಿಮಗೇ ಗೊತ್ತಾಗುತ್ತದೆ.

ಉಪ್ಪಳದಿಂದ ಒಬ್ಬ ತಂಗಿ: ಅಣ್ಣಾ, ನಮ್ಮವರು ಅಬುಧಾಬಿಯಲ್ಲಿ ಕೆಲಸಕ್ಕಿದ್ದಾರೆ. ರಜೆ ಮುಗಿಸಿ ಕಣ್ಣೂರಿನಿಂದ ಹೊರಟದ್ದು. ಟಿಕೆಟನ್ನು ಪರಿಚಯದ ಹುಡುಗನೊಬ್ಬ ಅವನ ಆಪ್‌ನಲ್ಲಿ ಮಾಡಿಕೊಟ್ಟಿದ್ದ. ರಾತ್ರಿ ಕಾರು ಮಾಡಿಕೊಂಡು ಮಟ್ಟನ್ನೂರಿನ ಆ ವಿಮಾನ ನಿಲ್ದಾಣಕ್ಕೆ ಹೋದರೆ ವಿಮಾನ ಎರಡು ದಿನದ ಹಿಂದೆಯೇ ರದ್ದಾಗಿದೆ, ಮೆಸೇಜ್ ಕಳಿಸಿದ್ದೇವೆ ಎಂದರು. ಮೆಸೇಜ್ ಆ ಹುಡುಗನ ನಂಬರಿಗೆ ಹೋಗಿತ್ತಂತೆ, ಅವನು ನೋಡಿಲ್ಲ. ವೀಸಾಕ್ಕೆ ಆರು ತಿಂಗಳು ತುಂಬಲು ನಾಲ್ಕೇ ದಿನ ಇತ್ತು. ಹೇಗೋ ಬೇರೆ ಟಿಕೆಟ್ ಮಾಡಿ ಹೋದರು. ಪರಿಹಾರ ಸಿಗುತ್ತದಾ?

ಅವರು ಹೊತ್ತಿಗೆ ಮುಟ್ಟಿದರಲ್ಲ, ಅದು ದೊಡ್ಡ ಸಮಾಧಾನ. ಯುಎಇಯ ಸಾಮಾನ್ಯ ರೆಸಿಡೆನ್ಸ್ ವೀಸಾದವರು ಆರು ತಿಂಗಳಿಗಿಂತ ಜಾಸ್ತಿ ಹೊರಗೆ ಉಳಿದರೆ ವೀಸಾವೇ ಬಿದ್ದುಹೋಗಬಹುದು, ಅದರ ಮುಂದೆ ಟಿಕೆಟಿನ ಹಣ ಏನೂ ಅಲ್ಲ. ಇಂಥ ಕೊನೆಯ ದಿನ ಇದ್ದಾಗ ಹತ್ತು ಹದಿನೈದು ದಿನ ಮೊದಲೇ ಹೊರಡಲು ಹೇಳಿ.

ನಮ್ಮ ದೇಶದ ನಿಯಮ ಹೀಗಿದೆ. ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಯಾವುದು ಬೇಕೆಂದು ಹೇಳುವ ಹಕ್ಕು ಪ್ರಯಾಣಿಕರದ್ದು. ಹೊರಡಲು 24 ಗಂಟೆಯೂ ಇಲ್ಲದಿರುವಾಗ ರದ್ದು ಮಾಡಿದರೆ ಅದರ ಮೇಲೆ ಪರಿಹಾರವೂ ಉಂಟು: ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆವರೆಗಿನದ್ದಕ್ಕೆ 7,500, ಅದಕ್ಕಿಂತ ಉದ್ದದ್ದಕ್ಕೆ 10,000. ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಾದರೆ ಅಷ್ಟೇ. ಬಿರುಗಾಳಿ, ಯುದ್ಧ, ಮುಷ್ಕರದಂಥ ಕಾರಣವಾದರೆ ಇದು ಸಿಗುವುದಿಲ್ಲ. ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ, ನಿಮಗೆ ಪೆಟ್ಟು ಕೊಟ್ಟದ್ದು ಅದು: ಬುಕ್ ಮಾಡುವಾಗ ಪ್ರಯಾಣಿಕರನ್ನು ಸಂಪರ್ಕಿಸಲು ಸರಿಯಾದ ಫೋನ್ ನಂಬರ್ ಕೊಡದಿದ್ದರೆ ಪರಿಹಾರ ಇಲ್ಲ. ನಿಮ್ಮ ವಿಷಯದಲ್ಲಿ ಎರಡು ದಿನ ಮೊದಲೇ ತಿಳಿಸಿದ್ದಾರೆ, ಆದ್ದರಿಂದ ಪರಿಹಾರ ಕಷ್ಟ.

ಆದರೆ ಟಿಕೆಟಿನ ಪೂರ್ತಿ ಹಣ ಬರಲೇಬೇಕು. ಅದು ಕಟ್ಟಿದ ದಾರಿಯಲ್ಲೇ ಹಿಂದೆ ಹೋಗುತ್ತದೆ, ಎಂದರೆ ಆ ಹುಡುಗನ ಕಾರ್ಡಿಗೋ ಆಪ್‌ನ ವ್ಯಾಲೆಟ್ಟಿಗೋ. ಮೊದಲು ಅವನ ಹತ್ತಿರ ಕೇಳಿ. ಆಪ್‌ನವರು ಕಂಪನಿಯನ್ನು ಕೇಳಿ, ಕಂಪನಿಯವರು ಆಪ್‌ನವರನ್ನು ಕೇಳಿ ಎಂದು ಓಡಾಡಿಸಿದರೆ ಒಪ್ಪಬೇಡಿ. ಏಜೆಂಟರ ಮೂಲಕ ಕೊಂಡ ಟಿಕೆಟಿಗೂ ಹಣ ಹಿಂದೆ ಕೊಡಿಸುವ ಹೊಣೆ ವಿಮಾನ ಕಂಪನಿಯದ್ದೇ ಎಂದು ಡಿಜಿಸಿಎ ಹೇಳಿದೆ. ಬಗೆಹರಿಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಇನ್ನು ಮುಂದೆ ಯಾರು ಟಿಕೆಟ್ ಮಾಡಿಕೊಟ್ಟರೂ ಸರಿ, ನಿಮ್ಮದೇ ನಂಬರ್ ಹಾಕಿಸಿ. ಪಿಎನ್‌ಆರ್ ಹಾಕಿ ಕಂಪನಿಯ ಆಪ್‌ನಲ್ಲಿ ಹಿಂದಿನ ದಿನವೂ ಹೊರಡುವ ಮೊದಲೂ ಒಮ್ಮೆ ನೀವೇ ನೋಡಿ.

ಮುಳ್ಳೇರಿಯದ ವಿದ್ಯಾರ್ಥಿ: ಜರ್ಮನಿಗೆ ಓದಲು ಹೊರಟಿದ್ದೇನೆ. ಕೊಚ್ಚಿಯಿಂದ ದೋಹಾ ಮೂಲಕ ಒಂದೇ ಟಿಕೆಟ್. ಗಲ್ಫ್ ಕಡೆ ಏನಾದರೂ ಸುದ್ದಿ ಬಂದರೆ ಈಗಲೇ ಕ್ಯಾನ್ಸಲ್ ಮಾಡಿ ಬೇರೆ ದಾರಿಯ ಟಿಕೆಟ್ ತೆಗೆ ಎಂದು ಗೆಳೆಯರು ಹೇಳುತ್ತಾರೆ. ಮಾಡಲಾ?

ಬೇಡ ತಮ್ಮಾ. ನೀನು ಕ್ಯಾನ್ಸಲ್ ಮಾಡಿದರೆ ದಂಡ ನಿನಗೆ, ಕಂಪನಿ ಕ್ಯಾನ್ಸಲ್ ಮಾಡಿದರೆ ಪೂರ್ತಿ ಹಣ ಅಥವಾ ಬೇರೆ ವಿಮಾನ ನಿನ್ನದು. ಇದೊಂದು ವ್ಯತ್ಯಾಸ ತಿಳಿಯದೆ ಗಾಬರಿಯಲ್ಲಿ ಹಣ ಕಳಕೊಂಡವರನ್ನು ತುಂಬ ನೋಡಿದ್ದೇನೆ. 2025ರ ಜೂನ್ 23ರಂದು ಕತಾರ್ ತನ್ನ ವಾಯುಮಾರ್ಗ ಮುಚ್ಚಿದಾಗ ಆಕಾಶದಲ್ಲಿದ್ದ ವಿಮಾನಗಳೂ ಬೇರೆ ಕಡೆ ತಿರುಗಿದವು, ಆದರೆ ಕೆಲವೇ ಗಂಟೆಗಳಲ್ಲಿ ಮತ್ತೆ ತೆರೆಯಿತು. 2024ರ ಏಪ್ರಿಲ್ 16ರ ಮಳೆಗೆ ದುಬೈ ವಿಮಾನ ನಿಲ್ದಾಣದಲ್ಲಿ ನೀರು ತುಂಬಿದಾಗ ಸರಿಯಾಗಲು ದಿನಗಳೇ ಬೇಕಾದವು. ಯಾವುದು ಹೇಗೆ ಮುಗಿಯುತ್ತದೆ ಎಂದು ಮನೆಯಲ್ಲಿ ಕೂತು ಹೇಳಲಾಗುವುದಿಲ್ಲ. ನಿನ್ನದು ಒಂದೇ ಟಿಕೆಟ್, ನಡುವೆ ಸಿಕ್ಕಿಬಿದ್ದರೂ ಫ್ರಾಂಕ್‌ಫರ್ಟಿಗೋ ಮ್ಯೂನಿಕ್‌ಗೋ ಮುಟ್ಟಿಸುವ ಕೆಲಸ ಅವರದ್ದು. ರದ್ದಾಯಿತು ಎಂದು ಮೆಸೇಜ್ ಬಂದರೂ ಕೂಡಲೇ ‘ರೀಫಂಡ್’ ಒತ್ತಬೇಡ. ಮೊದಲು ಬೇರೆ ವಿಮಾನ ಕೇಳು. ಎಲ್ಲರ ವಿಮಾನ ಒಟ್ಟಿಗೆ ನಿಂತ ದಿನ ಹೊಸ ಟಿಕೆಟಿನ ದರ ಎಲ್ಲಿಗೆ ಏರುತ್ತದೆ ಎಂದು 2025ರ ಡಿಸೆಂಬರಿನಲ್ಲಿ ನೋಡಿದ್ದೇವೆ. ಇಂಡಿಗೋದ ವಿಮಾನಗಳು ದಿನಕ್ಕೆ ನೂರಾರು ರದ್ದಾದಾಗ ದೇಶದೊಳಗಿನ ದರಕ್ಕೆ ಸರಕಾರವೇ ಮಿತಿ ಹಾಕಬೇಕಾಯಿತು, 500 ಕಿಲೋಮೀಟರಿನೊಳಗೆ 7,500 ರೂಪಾಯಿ, 1,500 ಕಿಲೋಮೀಟರಿನ ಆಚೆಗೆ 18,000 ಎಂದು.

ಇನ್ನೊಂದನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳು. ವಿಮಾನ ರದ್ದಾದ ದಿನ ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿ ಸಿಕ್ಕಿದ ನಂಬರಿಗೆ ಫೋನ್ ಮಾಡಬೇಡಿ. ಕಳ್ಳರು ಕಾಯುವುದೇ ಅಂಥ ದಿನಕ್ಕೆ. ರೀಫಂಡ್ ಕೊಡುತ್ತೇವೆ, ಈ ಆಪ್ ಹಾಕಿಕೊಳ್ಳಿ, ಯುಪಿಐ ಪಿನ್ ಒತ್ತಿ ಎನ್ನುತ್ತಾರೆ. ಹಣ ಬರಲು ಪಿನ್ ಬೇಡ, ಹಣ ಹೋಗಲು ಮಾತ್ರ ಪಿನ್ ಬೇಕು. ಟಿಕೆಟಿನ ಮೇಲೆ ಅಥವಾ ಕಂಪನಿಯ ಆಪ್‌ನೊಳಗೆ ಇರುವ ನಂಬರ್ ಮಾತ್ರ ಬಳಸಿ. ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ, ತಡ ಮಾಡಿದಷ್ಟೂ ಹಣ ತಡೆಯುವುದು ಕಷ್ಟ.

ಬದಿಯಡ್ಕದಿಂದ: ನಮಗೆ ಮಂಗಳೂರೂ ಹತ್ತಿರ, ಕಣ್ಣೂರೂ ಸಿಗುತ್ತದೆ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ತೊಂದರೆ ಉಂಟಾ? ಮುಂಬೈ ಮೂಲಕ ಹೋಗುವಾಗ ಏನು ನೋಡಬೇಕು?

ತೊಂದರೆ ಇಲ್ಲ, ಒಂದೇ ಟಿಕೆಟಿನಲ್ಲಿ ಹಾಗೆ ಮಾಡಿಸಲು ಬರುತ್ತದೆ. ಮಳೆಗಾಲದಲ್ಲಿ ಬಜ್ಪೆಯಲ್ಲಿ ಇಳಿಯಲಾಗದೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗುವುದುಂಟು, ಆಗ ಕಣ್ಣೂರಿನಲ್ಲಿ ಇಳಿಸಿದರೆ ನಿಮಗೆ ಅನುಕೂಲವೇ. ಬೆಂಗಳೂರಿನಲ್ಲಿ ಸಿಕ್ಕಿಬಿದ್ದರೆ ರಾತ್ರಿ ಹೊರಟು ಮಂಗಳೂರು ಮೂಲಕ ಹೋಗುವ ಕಣ್ಣೂರು ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ. ಆದರೆ 2024ರ ಜುಲೈಯಲ್ಲಿ ಸಕಲೇಶಪುರ ಘಾಟಿಯಲ್ಲಿ ಗುಡ್ಡ ಜರಿದು ರೈಲು ಎಷ್ಟೋ ದಿನ ನಿಂತಿತ್ತು, ಆದ್ದರಿಂದ ಮಳೆ ಜೋರಿದ್ದರೆ ಅದನ್ನೂ ವಿಚಾರಿಸಿಯೇ ಹೊರಡಿ. ಮುಂಬೈಯಲ್ಲಿ ಈಗ ಎರಡು ವಿಮಾನ ನಿಲ್ದಾಣ, 2025ರ ಡಿಸೆಂಬರ್ 25ರಿಂದ ನವಿ ಮುಂಬೈಯಿಂದಲೂ ವಿಮಾನ ಹೊರಡುತ್ತದೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತುವ ಟಿಕೆಟ್ ಆಪ್‌ನಲ್ಲಿ ಅಗ್ಗಕ್ಕೆ ಕಂಡರೆ ತೆಗೆಯಬೇಡಿ. ಮುಂಬೈಯಲ್ಲಿ ವಿಮಾನ ತಪ್ಪಿಯೇ ಹೋದರೆ ನೇತ್ರಾವತಿ ರೈಲು ಕಾಸರಗೋಡಿಗೆ ನೇರ ಬರುತ್ತದೆ, ಅಣ್ಣ ಆ ದಿನ ಬಂದದ್ದೂ ಅದರಲ್ಲೇ.