ಹಳೇ ಬೈಕ್ ರಿಪೇರಿ ಮಾಡಿಸಲೇ, ಹೊಸದು ಕೊಳ್ಳಲೇ?

ಪ್ರಶ್ನೆ: ನನ್ನದು 2006ರ ಯಮಾಹಾ ವೈಝಡ್ 250 ಡರ್ಟ್ ಬೈಕ್. ಎಂಜಿನ್ ಚೆನ್ನಾಗಿದೆ. ಆದರೆ ಜಂಪ್ ಮಾಡಿ ಇಳಿದಾಗ ಸಸ್ಪೆನ್ಷನ್ ಪೂರ್ತಿ ಕೂತು ಬಡಿಯುತ್ತದೆ. ನನ್ನ ತೂಕ 95 ಕೆಜಿ. ಮಾರಿಬಿಡಲೇ?

ಉತ್ತರ: ದಯವಿಟ್ಟು ಮಾರಬೇಡಿ! ಇದರಲ್ಲಿರುವುದು ಅಲ್ಯೂಮಿನಿಯಂ ಫ್ರೇಮ್, ಒಳ್ಳೆಯ ಕೆವೈಬಿ (ಜಪಾನಿನ ಸಸ್ಪೆನ್ಷನ್ ಕಂಪನಿ) ಫೋರ್ಕ್, ಅಂದರೆ ಮುಂದಿನ ಸಸ್ಪೆನ್ಷನ್. ಈಚಿನ ವೈಝಡ್ 250 ಕೂಡ ಟೂ-ಸ್ಟ್ರೋಕೇ, ಕಾರ್ಬ್ಯುರೇಟರೇ, ಕಿಕ್ಕರೇ. ನಿಮ್ಮ ತೂಕಕ್ಕೆ ಕಂಪನಿ ಸ್ಪ್ರಿಂಗ್ ಸಾಲದು, ಅಷ್ಟೇ.

ಮೊದಲು ಅಳೆದು ನೋಡಿ. ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಆಕ್ಸಲ್‌ನಿಂದ ಮಡ್‌ಗಾರ್ಡ್‌ವರೆಗೆ ಟೇಪ್ ಹಿಡಿಯಿರಿ. ಆಮೇಲೆ ಬೂಟು, ಹೆಲ್ಮೆಟ್ ಸಮೇತ ಕೂತು ಮತ್ತೆ ಅಳೆಸಿ. ವ್ಯತ್ಯಾಸ ಸುಮಾರು 100 ಮಿ.ಮೀ. ಬರುವಂತೆ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿ. ಈಗ ಇಳಿಯಿರಿ. ಬೈಕ್ ತನ್ನ ಭಾರಕ್ಕೇ 30 ಮಿ.ಮೀ.ನಷ್ಟಾದರೂ ಕೂರದಿದ್ದರೆ ಸ್ಪ್ರಿಂಗ್ ಮೆತ್ತಗಿದೆ ಎಂದೇ ಅರ್ಥ. ಬಹಳ ಜನ ಇದನ್ನು ಉಲ್ಟಾ ತಿಳಿಯುತ್ತಾರೆ; ಮೆತ್ತಗಿರುವುದಕ್ಕೇ ನಿಮ್ಮ ಭಾರ ತಡೆಯಲು ಅದನ್ನು ಅತಿಯಾಗಿ ಬಿಗಿ ಮಾಡಬೇಕಾಯಿತು. ಸುಮ್ನೆ ಇನ್ನೂ ಜಾಸ್ತಿ ಬಿಗಿ ಮಾಡಿದರೆ ಪ್ರಯೋಜನವಿಲ್ಲ, ಗಟ್ಟಿ ಸ್ಪ್ರಿಂಗೇ ಬೇಕು. ಮುಂದಿನ ಫೋರ್ಕ್‌ನ ಸ್ಪ್ರಿಂಗೂ ಬದಲಿಸಿ, ಜೊತೆಗೆ ಫೋರ್ಕ್ ಎಣ್ಣೆ, ಸೀಲ್, ಲಿಂಕೇಜ್ (ಹಿಂದಿನ ಸಸ್ಪೆನ್ಷನ್ ಜೋಡಿಸುವ ಕೊಂಡಿ) ಬೇರಿಂಗ್ ಕೂಡ.

ಆದರೆ ದುಡ್ಡು ಹಾಕುವ ಮೊದಲೇ ಹ್ಯಾಂಡಲ್ ಬುಡದಲ್ಲಿ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬೋಲ್ಟ್ ಸುತ್ತ ಫ್ರೇಮ್ ಒರೆಸಿ, ಟಾರ್ಚ್ ಹಾಕಿ ನೋಡಿ. ಬಿರುಕು ಕಂಡರೆ ಮಾತ್ರ ಬೇರೆ ಬೈಕ್ ಹುಡುಕಿ.