ನಟನೂ ಅವರೇ, ನಿರ್ದೇಶಕನೂ ಅವರೇ

ಪ್ರಶ್ನೆ: ಷೊಲೊಖೊವ್ ಅವರ ಕಥೆಯನ್ನು ಆಧರಿಸಿದ ‘ಮನುಷ್ಯನ ವಿಧಿ’ ಎಂಬ ಸೋವಿಯತ್ ಚಿತ್ರವನ್ನು ಈಚೆಗೆ ನೋಡಿದೆ. ಸೊಕೊಲೊವ್ ಪಾತ್ರಧಾರಿಯೇ ಅದರ ನಿರ್ದೇಶಕರೆಂಬುದು ನಿಜವೇ? ಅವರ ಬಗ್ಗೆ ತಿಳಿಸುವಿರಾ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನಿಜ. ಅವರು ಸೆರ್ಗೈ ಬೊಂಡರ್ಚುಕ್. 1959ರ ಆ ಚಿತ್ರವೇ ಅವರ ಮೊದಲ ನಿರ್ದೇಶನ. 1920ರಲ್ಲಿ ಉಕ್ರೇನಿನ ಖೆರ್ಸೊನ್ ಸೀಮೆಯಲ್ಲಿ, ನಿಮ್ಮ ಭಾಗದ ಎರೆಹೊಲಗಳನ್ನು ನೆನಪಿಸುವ ಬಯಲುನಾಡಿನಲ್ಲಿ ಹುಟ್ಟಿದ ಅವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಂಪು ಸೇನೆಯಲ್ಲಿದ್ದು, ಆಮೇಲೆ ಮಾಸ್ಕೋದ ಸಿನಿಮಾ ಶಿಕ್ಷಣ ಸಂಸ್ಥೆಯಲ್ಲಿ ಸೆರ್ಗೈ ಗೆರಾಸಿಮೊವ್ ಅವರ ಶಿಷ್ಯರಾದರು. ಕವಿ ತರಾಸ್ ಶೆವ್ಚೆಂಕೊ ಪಾತ್ರದಿಂದ ಹೆಸರಾಗಿ, 1952ರಲ್ಲಿ ಇನ್ನೂ ಮೂವತ್ತೆರಡು ತುಂಬುವ ಮೊದಲೇ, ‘ಸೋವಿಯತ್ ಒಕ್ಕೂಟದ ಜನತಾ ಕಲಾವಿದ’ ಎಂಬ ಗೌರವ ಪಡೆದರು.

ಟಾಲ್‌ಸ್ಟಾಯ್ ಕಾದಂಬರಿ ಆಧರಿಸಿದ ‘ಯುದ್ಧ ಮತ್ತು ಶಾಂತಿ’ ಅವರ ಅತಿ ದೊಡ್ಡ ಸಾಹಸ. ನಾಲ್ಕು ಭಾಗಗಳಾಗಿ 1966–67ರಲ್ಲಿ ತೆರೆಕಂಡ ಈ ಚಿತ್ರದ ರಣರಂಗದ ದೃಶ್ಯಗಳಿಗೆ ಸೇನೆಯೇ ಸಾವಿರಾರು ಸೈನಿಕರನ್ನು ಒದಗಿಸಿತ್ತು. ಪಿಯೆರ್ ಪಾತ್ರವನ್ನು ಬೊಂಡರ್ಚುಕ್ ತಾವೇ ವಹಿಸಿದರು. 1969ರಲ್ಲಿ ಇದಕ್ಕೆ ವಿದೇಶಿ ಭಾಷಾ ಚಿತ್ರದ ಆಸ್ಕರ್ ದೊರೆಯಿತು. ಆದರೂ, ನಟನಾಗಿ ಅವರ ನಿಜವಾದ ಎತ್ತರ ಕಾಣುವುದು ನೀವು ನೋಡಿದ ಆ ಚಿಕ್ಕ ಕಪ್ಪು–ಬಿಳುಪು ಚಿತ್ರದಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

1970ರ ‘ವಾಟರ್‌ಲೂ’ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. 1986ರ ಚಲನಚಿತ್ರ ಕರ್ಮಿಗಳ ಮಹಾಧಿವೇಶನದಲ್ಲಿ, ಹಳೆಯ ವ್ಯವಸ್ಥೆಯ ಪ್ರತಿನಿಧಿಯೆಂದು ಅವರು ಕಟುಟೀಕೆಗೆ ಗುರಿಯಾದರು. 1994ರಲ್ಲಿ ನಿಧನರಾದಾಗ ಅಪೂರ್ಣವಾಗಿ ಉಳಿದಿದ್ದ, ಷೊಲೊಖೊವ್ ಅವರದೇ ಡಾನ್ ನದಿಯ ಕಾದಂಬರಿಯನ್ನು ಆಧರಿಸಿದ ಚಿತ್ರವನ್ನು ಮಗ ಫ್ಯೋದರ್ ಪೂರ್ಣಗೊಳಿಸಿದರು. ಅದು 2006ರಲ್ಲಿ ರಷ್ಯಾದ ಟಿ.ವಿ.ಯಲ್ಲಿ ಪ್ರಸಾರವಾಯಿತು.